ಇನೆಕ್ಸ್‌ಟ್ರಿಕಬಲ್ ಅನ್ನೋ ಪದ ನಾನು ಹೇಳಿಕೊಡೋ ರೀತಿ

ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲಿ ಬ್ಯಾಂಕ್ ಎಕ್ಸಾಮ್‌ಗೆ ಓದ್ತಿರೋ ನಮ್ಮ ಕನ್ನಡದ ಹುಡುಗ್ರಿಗೆ ಭಾನುವಾರ ಇಂಗ್ಲಿಷ್ ಹೇಳಿಕೊಡ್ತೀನಿ, ಇನೆಕ್ಸ್‌ಟ್ರಿಕಬಲ್ ಬಂದಾಗ ಬೇಕಂತಲೇ ಜಾಸ್ತಿ ಟೈಮ್ ತಗೋತೀನಿ. ಗೈಡ್‌ನಲ್ಲಿ ಜಟಿಲ ಅಂತ ಬರೆದು ಮುಗಿಸಿರ್ತಾರೆ, ಇಂಟ್ರಿಕೇಟ್‌ಗೂ ಅದೇ, ಕಾನ್ವಲ್ಯೂಟೆಡ್‌ಗೂ ಅದೇ, ಹಿಂಗಾದ್ರೆ ಪೇಪರ್‌ನಲ್ಲಿ ನಾಲ್ಕೂ ಆಪ್ಷನ್ ಸರಿ ಅಂತಲೇ ಕಾಣೋದು.

ಅದಕ್ಕೆ ಮೊದ್ಲು ಎಕ್ಸ್‌ಟ್ರಿಕೇಟ್ ಹಿಡೀತೀನಿ, ಅಂದ್ರೆ ಸಿಕ್ಕಿಹಾಕ್ಕೊಂಡಲ್ಲಿಂದ ಬಿಡಿಸ್ಕೊಂಡು ಬರೋದು. ಲ್ಯಾಟಿನ್‌ನಲ್ಲಿ ಟ್ರೀಕೆ ಅಂದ್ರೆ ತೊಡಕು, ತಾಪತ್ರಯ. ಅದರಿಂದ ಬಿಡಿಸೋಕೇ ಆಗದ್ದು ಇನೆಕ್ಸ್‌ಟ್ರಿಕಬಲ್. ರೋಮನ್ ಕವಿ ವರ್ಜಿಲ್ ಕ್ರೀಟ್ ದ್ವೀಪದ ಲ್ಯಾಬಿರಿಂತ್, ಅಂದ್ರೆ ಚಕ್ರವ್ಯೂಹದಂಥ ಕಟ್ಟಡ ವರ್ಣಿಸುವಾಗ ಇದೇ ಪದದ ಲ್ಯಾಟಿನ್ ರೂಪ ಬಳಸಿದ್ದಾನೆ, ಒಳಗೆ ಹೋದವನಿಗೆ ವಾಪಸ್ ದಾರಿ ಸಿಗದ ಜಾಗ ಅದು, ಇದನ್ನ ಹೇಳಿದ್ರೆ ಹುಡುಗ್ರು ಮರೆಯಲ್ಲ. ಇಂಟ್ರಿಕೇಟ್ ಅದೇ ಬೇರಿನಿಂದ ಬಂದಿದ್ರೂ ಕುಸುರಿ ಕೆಲಸಕ್ಕೆ ಚೆನ್ನಾಗಿ ಒಪ್ಪುತ್ತೆ, ಧಾರವಾಡ ಕಸೂತಿ ಇಂಟ್ರಿಕೇಟ್, ಅದ್ರಲ್ಲಿ ಯಾರೂ ಸಿಕ್ಕಿಬಿದ್ದಿಲ್ಲ. ಕಾನ್ವಲ್ಯೂಟೆಡ್ ಸುತ್ತಿ ಬಳಸಿ ಹೇಳೋ ವಾದಕ್ಕೆ.

ಆಮೇಲೆ ಒಂದು ಪ್ರಶ್ನೆ ಕೇಳ್ತೀನಿ. ಹೆಣೆದುಕೊಂಡಿರೋ ಎರಡು ವಿಷಯದಲ್ಲಿ ಒಂದನ್ನ ತೆಗೆದ್ರೆ ಇನ್ನೊಂದು ಇದ್ದ ಹಾಗೇ ಇರುತ್ತಾ? ಮುಂಬೈನ ಪರೇಲ್, ಲಾಲ್‌ಬಾಗ್ ಕಡೆ ಬಟ್ಟೆ ಗಿರಣಿಗಳಿದ್ದ ಏರಿಯಾ ಗಿರಣಗಾಂವ್ ತಗೊಳ್ಳಿ, ಗಿರಣಿ ಕೆಲಸಗಾರ ಇದ್ದಿದ್ದು ಚಾಳ್‌ನಲ್ಲಿ, ಅಂದ್ರೆ ವಠಾರದಲ್ಲಿ, ಊಟ ಖಾನಾವಳಿಯಲ್ಲಿ, ಆ ಖಾನಾವಳಿ ನಡೆಸೋ ಹೆಂಗಸಿಗೆ ದುಡ್ಡು ಬರ್ತಿದ್ದಿದ್ದು ಅವನ ಪಗಾರದಿಂದ, 1982ರಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದ ಮುಷ್ಕರ ಶುರುವಾಗಿ ಮುಂದೆ ಗಿರಣಿಗಳು ಒಂದೊಂದೇ ಮುಚ್ಚಿದಾಗ ಬರೀ ಗಿರಣಿ ನಿಲ್ಲಲಿಲ್ಲ, ಇಡೀ ಏರಿಯಾದ ಬದುಕೇ ಅಲ್ಲಾಡಿಹೋಯ್ತು. ಅಲ್ಲಿ ಈ ಪದ ಸರಿಯಾಗಿ ಕೂರುತ್ತೆ. 'ದಿ ಲೈಫ್ ಆಫ್ ಗಿರಣಗಾಂವ್ ವಾಸ್ ಇನೆಕ್ಸ್‌ಟ್ರಿಕಬಲ್ ಫ್ರಮ್ ದಿ ಮಿಲ್ಸ್' ಅಂತ ಬರೆಸ್ತೀನಿ.

ಫ್ರಮ್ ಗಮನಿಸಿ. ಆದ್ರೆ ಪೇಪರ್‌ನಲ್ಲಿ ಜಾಸ್ತಿ ಕಣ್ಣಿಗೆ ಬೀಳೋದು ಇನೆಕ್ಸ್‌ಟ್ರಿಕಬ್ಲಿ ಲಿಂಕ್ಡ್, ಅದ್ರ ಮುಂದೆ ವಿತ್ ಅಥವಾ ಟು. ಬೌಂಡ್, ಇಂಟರ್‌ಟ್ವೈನ್ಡ್ ಕೂಡ ಇನೆಕ್ಸ್‌ಟ್ರಿಕಬ್ಲಿ ಜೊತೆ ಚೆನ್ನಾಗಿ ಹೊಂದುತ್ತೆ. ಮನುಷ್ಯ ಜಗಳದಲ್ಲೋ ಕೇಸಿನಲ್ಲೋ ಸಿಕ್ಕಿಕೊಂಡ್ರೆ ಎಂಬ್ರಾಯಿಲ್ಡ್ ಇನ್ ಹಾಕಿ, ಅವನು ಹೊರಗೆ ಬರಬಹುದು ತಾನೇ. ಇನೆಕ್ಸ್‌ಪ್ಲಿಕಬಲ್ ನೋಡೋಕೆ ಹತ್ತಿರ ಇದ್ರೂ ಬೇರೆನೇ, ವಿವರಿಸೋಕಾಗದ್ದು ಅಂತ, ಎರಡನ್ನೂ ಒಂದೇ ದಿನ ಅಕ್ಕಪಕ್ಕ ಬೋರ್ಡ್ ಮೇಲೆ ಬರೆದು ಜೋರಾಗಿ ಓದಿಸ್ತೀನಿ.