ವಯರ್‌ಲೆಸ್ ರಿವರ್ಸ್ ಕ್ಯಾಮೆರಾಕ್ಕೂ ವಯರ್ ಬೇಕು: ನನ್ನ ಅನುಭವ

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ವಯರ್‌ಲೆಸ್ ಎಂದಿರುತ್ತದೆ. ಬಿಚ್ಚಿದರೆ ನಾಲ್ಕು ವಯರ್ ಸಿಗುತ್ತವೆ: ಹಿಂದಿನ ಕ್ಯಾಮೆರಾಕ್ಕೆ ಒಂದು ಕೆಂಪು ಒಂದು ಕಪ್ಪು, ಮುಂದಿನ ರಿಸೀವರಿಗೆ ಒಂದು ಕೆಂಪು ಒಂದು ಕಪ್ಪು. ಉಳಿತಾಯವಾಗುವುದು ಡಿಕ್ಕಿಯಿಂದ ಡ್ಯಾಶ್‌ಬೋರ್ಡಿನವರೆಗೆ ಎಳೆಯಬೇಕಾಗಿದ್ದ ಆರು ಮೀಟರ್ ವಿಡಿಯೋ ಕೇಬಲ್ ಒಂದೇ. ಈ ಕ್ಯಾಮೆರಾ ಕೈಕೊಟ್ಟಾಗ ಎಲ್ಲರೂ ಸಿಗ್ನಲ್ಲನ್ನು ದೂರುತ್ತಾರೆ. ನಾನು ಬಿಚ್ಚಿ ನೋಡಿದವುಗಳಲ್ಲಿ ತಪ್ಪು ಹೆಚ್ಚಾಗಿ ಇದ್ದದ್ದು ಈ ನಾಲ್ಕು ವಯರಿನಲ್ಲಿ, ಅದರಲ್ಲೂ ಅರ್ತಿನಲ್ಲಿ, ಅಂದರೆ ಕಪ್ಪು ವಯರನ್ನು ಕಾರಿನ ಲೋಹದ ಮೈಗೆ ಸೇರಿಸುವಲ್ಲಿ.

ನಾನು ಜೋಡಿಸಿದ್ದು 2017ರ ಒಂದು ಹ್ಯಾಚ್‌ಬ್ಯಾಕಿಗೆ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಯಿತು, ಅದಕ್ಕಿಂತ ಹಳೆಯ ಕಾರುಗಳಲ್ಲಿ ಹೆಚ್ಚಿನವಕ್ಕೆ ಅದೂ ಇಲ್ಲ. ಸೆನ್ಸರ್ ಇದ್ದರೂ ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ತೋಟದ ದಾರಿಗಳಲ್ಲಿ ಅದರ ಉಪಯೋಗ ಅಷ್ಟಕ್ಕಷ್ಟೆ. ಅದು ಎದ್ದು ನಿಂತದ್ದನ್ನು ಮಾತ್ರ ಕಾಣುತ್ತದೆ. ಬದಿಯಲ್ಲಿ ಹುಲ್ಲು ಬೆಳೆದಿದ್ದರೆ ಸುಮ್ಮನೆ ಕೂಗುತ್ತದೆ; ಅದೇ ಹುಲ್ಲಿನಾಚೆ ಎರಡಡಿ ಆಳದ ಕಣಿ (ನೀರಿನ ಚರಂಡಿ) ಇದ್ದರೆ ಅದಕ್ಕೆ ಸುದ್ದಿಯೇ ಇಲ್ಲ. ಕಣಿ ಕಾಣಬೇಕಾದರೆ ಕ್ಯಾಮೆರಾವೇ ಬೇಕು.

ಮಾರುಕಟ್ಟೆಯಲ್ಲಿ ವಯರ್‌ಲೆಸ್ ಎಂಬ ಹೆಸರಿನಲ್ಲಿ ಮೂರು ಬಗೆ ಸಿಗುತ್ತವೆ. ಒಂದು, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಟ್ರಾನ್ಸ್‌ಮಿಟರ್ ಮತ್ತು ರಿಸೀವರ್ ಇರುವ ಅನಲಾಗ್ ಜೋಡಿ. ಸಾಮಾನ್ಯ ಕ್ಯಾಮೆರಾದ ಹಳದಿ ಪ್ಲಗ್ಗಿಗೆ ಇದನ್ನು ಚುಚ್ಚಿದರಾಯಿತು. ಅಗ್ಗ, ಚಿತ್ರ ತಡವಾಗುವುದಿಲ್ಲ; ಆದರೆ ಗೆರೆ, ಮಳೆ ಹೊಯ್ದಂತಹ ಚುಕ್ಕಿ ಬರುತ್ತದೆ. ಬೀಗವಿಲ್ಲದ ಸಿಗ್ನಲ್ ಆದ ಕಾರಣ ಪಕ್ಕದ ಕಾರಿನಲ್ಲೂ ಅದೇ ಬಗೆಯದಿದ್ದರೆ ಅವರ ಹಿಂಬದಿ ನಿಮ್ಮ ಪರದೆಯಲ್ಲಿ ಕಾಣಿಸುವುದುಂಟು. ಎರಡನೆಯದು ಕ್ಯಾಮೆರಾ, ಮಾನಿಟರ್ ಒಂದಕ್ಕೊಂದು ಪೇರ್ ಆಗಿ ಬರುವ ಡಿಜಿಟಲ್ ಬಗೆ. ಚಿತ್ರ ಸ್ವಚ್ಛ, ಆದರೆ ಕ್ಷಣ ತಡ. ತಡವೆಂದರೆ ಎಷ್ಟು? 0.2 ಸೆಕೆಂಡ್ ಎಂದಿಟ್ಟುಕೊಳ್ಳಿ. ಗಂಟೆಗೆ 5 ಕಿ.ಮೀ. ವೇಗದಲ್ಲಿ ಹಿಂದೆ ಬರುವ ಕಾರು ಅಷ್ಟರಲ್ಲಿ 28 ಸೆಂಟಿಮೀಟರ್ ಸರಿದಿರುತ್ತದೆ. ಗೇಟಿನ ಕಂಬಕ್ಕೆ ಒಂದು ಗೇಣು ಬಿಟ್ಟು ನಿಲ್ಲಿಸುವ ಅಭ್ಯಾಸದವರು ಇದನ್ನು ನೆನಪಿಟ್ಟುಕೊಳ್ಳಬೇಕು. ಮೂರನೆಯದು ಫೋನಿಗೆ ಚಿತ್ರ ಕಳಿಸುವ ವೈಫೈ ಕ್ಯಾಮೆರಾ. ಪ್ರತಿ ಸಲ ಫೋನನ್ನು ಕ್ಯಾಮೆರಾದ ವೈಫೈಗೆ ಹಾಕಬೇಕು, ಅದರಲ್ಲಿ ಇಂಟರ್ನೆಟ್ ಇಲ್ಲವೆಂದು ಫೋನು ತಾನಾಗಿ ಮೊಬೈಲ್ ಡೇಟಾಕ್ಕೆ ಜಾರುತ್ತದೆ, ಆ್ಯಪ್ ತೆರೆಯುವಷ್ಟರಲ್ಲಿ ಕಾರು ಹಿಂದೆ ತೆಗೆದು ಆಗಿರುತ್ತದೆ. ದಿನಬಳಕೆಗೆ ಇದು ಬೇಡ. ನಾನು ಆರಿಸಿದ್ದು ಐದು ಇಂಚಿನ ಮಾನಿಟರ್ ಇರುವ ಡಿಜಿಟಲ್ ಬಗೆ.

ಡ್ಯಾಶ್‌ಬೋರ್ಡಿನಲ್ಲಿ ಆಗಲೇ ಆಂಡ್ರಾಯ್ಡ್ ಸ್ಟೀರಿಯೊ ಇದ್ದು ಒಳಗಿನ ಪ್ಯಾನೆಲ್ ಬಿಚ್ಚಲು ಧೈರ್ಯವಿದ್ದರೆ, ನಾಲ್ಕು ಮೀಟರಿನೊಳಗಿನ ಕಾರಿಗೆ ವಯರ್ ಇರುವ ಕ್ಯಾಮೆರಾವೇ ಮೇಲು. ವಯರ್‌ಲೆಸ್ ಸಾರ್ಥಕವಾಗುವುದು ಪಿಕಪ್, ಜೀಪು, ಅಥವಾ ಸೀಟು, ಕಾರ್ಪೆಟ್ ಅಲುಗಿಸಲು ಮನಸ್ಸಿಲ್ಲದ ಕಾರುಗಳಲ್ಲಿ.

ಕ್ಯಾಮೆರಾ ಕೂರಿಸುವ ಜಾಗದ ವಿಷಯ. ನಂಬರ್ ಪ್ಲೇಟಿನ ಸ್ಕ್ರೂಗೆ ಸಿಕ್ಕಿಸುವ ಪಟ್ಟಿಯಂಥ ಕ್ಯಾಮೆರಾ ನೋಡಲು ಸುಲಭ. ಆದರೆ 2019ರ ಏಪ್ರಿಲ್ 1ರ ಅನಂತರದ ಕಾರಾದರೆ ಪ್ಲೇಟು ಹೈ ಸೆಕ್ಯೂರಿಟಿಯದ್ದು, ಸ್ನ್ಯಾಪ್ ಲಾಕ್ ಹಾಕಿರುತ್ತಾರೆ. ಒಮ್ಮೆ ತೆಗೆದರೆ ಅದು ಮುರಿಯಿತೆಂದೇ ಲೆಕ್ಕ. ಪ್ಲೇಟಿನ ಅಕ್ಷರ ಮರೆಯಾಗಲೂಬಾರದು. ಹಾಗಾಗಿ ಪ್ಲೇಟಿನ ಮೇಲುಗಡೆ, ಎರಡು ನಂಬರ್ ಲೈಟಿನ ನಡುವಿನ ಪ್ಲಾಸ್ಟಿಕ್ ಪಟ್ಟಿಗೆ ಸಣ್ಣ ಬ್ರಾಕೆಟ್ ಕ್ಯಾಮೆರಾ ಹಾಕಿದೆ. ನೆಲದಿಂದ ಎತ್ತರ 85 ಸೆಂ.ಮೀ. ತಗಡಿಗೆ ತೂತು ಕೊರೆಯಲಿಲ್ಲ. ನಂಬರ್ ಲೈಟಿನ ಕವಚವನ್ನು ಒತ್ತಿ ತೆಗೆದು, ಅದರ ಅಂಚನ್ನು ಅರದಿಂದ ಮೂರು ಮಿ.ಮೀ. ತಿಕ್ಕಿ, ಆ ಸಂದಿನಲ್ಲೇ ಕೇಬಲ್ ಒಳಗೆ ತೂರಿಸಿದೆ. ತೂತು ಕೊರೆಯಲೇಬೇಕಾದರೆ ಮೊದಲು 3 ಮಿ.ಮೀ. ಬಿಟ್, ಆಮೇಲೆ ದೊಡ್ಡದು. ಅಂಚಿಗೆ ಪ್ರೈಮರ್, ಅದರ ಮೇಲೆ ಗ್ರಾಮೆಟ್ ಎಂಬ ರಬ್ಬರ್ ಬಳೆ. ಒಳಗೆ ಬಿದ್ದ ಕಬ್ಬಿಣದ ಪುಡಿಯನ್ನು ಅಯಸ್ಕಾಂತ ಹಿಡಿದು ತೆಗೆಯಿರಿ. ಬಿಟ್ಟರೆ ಒಂದು ಮಳೆಗಾಲದಲ್ಲಿ ಆ ಪುಡಿಯೇ ತುಕ್ಕಿನ ಕಲೆಯಾಗುತ್ತದೆ. ಕುಂಬಳೆ, ಮಂಜೇಶ್ವರದ ಕಡಲ ಬದಿಯವರಿಗೆ ಇನ್ನೂ ಬೇಗ.

ಡಿಕ್ಕಿ ಬಾಗಿಲಿನ ಒಳಪ್ಯಾನೆಲ್ಲನ್ನು ಸ್ಕ್ರೂಡ್ರೈವರಿನಿಂದ ಎಬ್ಬಬೇಡಿ, ಪ್ಲಾಸ್ಟಿಕ್ ಪಟ್ಟಿ ಬಳಸಿ. ಕ್ಲಿಪ್ಪು ಎರಡಾದರೂ ಮುರಿಯುತ್ತವೆ, ಐದಾರು ಮೊದಲೇ ತಂದಿಡಿ.

ಇನ್ನು ರಿವರ್ಸ್ ಲೈಟಿನ ವಯರ್ ಹುಡುಕುವುದು. ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಹಾಕದೆ ಕೀ ಆನ್ ಮಾಡಿ ರಿವರ್ಸ್ ಗೇರಿನಲ್ಲಿಡಿ. ಮಲ್ಟಿಮೀಟರಿನ ಕಪ್ಪು ಮೊನೆ ಬಾಡಿಗೆ, ಕೆಂಪು ಮೊನೆ ಬಲ್ಬಿನ ಹೋಲ್ಡರಿಗೆ: 12 ವೋಲ್ಟಿನ ಆಸುಪಾಸು ಬರಬೇಕು. ಗೇರ್ ತೆಗೆದಾಗ ಸೊನ್ನೆಯಾಗಬೇಕು. ಅಲ್ಲಿಗೇ ನಿಲ್ಲಬೇಡಿ, ಬ್ರೇಕ್, ಪಾರ್ಕ್ ಲೈಟ್, ಇಂಡಿಕೇಟರ್ ಒಂದೊಂದಾಗಿ ಹಾಕಿ ಆಗಲೂ ಸೊನ್ನೆಯೇ ಇದೆಯೇ ನೋಡಿ. ಹಳೆ ಟೆಸ್ಟ್ ಲ್ಯಾಂಪ್ ಇಲ್ಲಿ ಸಾಲದು, ಅದು ವೋಲ್ಟೇಜ್ ಹೇಳುವುದಿಲ್ಲ. ಕೆಲವು ಹೊಸ ಕಾರುಗಳಲ್ಲಿ ಲೈಟಿಗೆ ಕರೆಂಟು ಬಿಟ್ಟು ಬಿಟ್ಟು ಹೋಗುತ್ತದೆ. ಬಲ್ಬು ಕಣ್ಣಿಗೆ ಸರಿಯಾಗಿಯೇ ಉರಿಯುತ್ತದೆ, ಮೀಟರು ಮಾತ್ರ 9 ಅಥವಾ 10 ತೋರಿಸುತ್ತದೆ, ಕ್ಯಾಮೆರಾ ಮಿನುಗುತ್ತದೆ. ಅಂಥಲ್ಲಿ ನಡುವೆ ಕೆಪಾಸಿಟರ್ ಇರುವ ಪವರ್ ಫಿಲ್ಟರ್ ಹಾಕಬೇಕು.

ಕ್ಯಾಮೆರಾ, ಟ್ರಾನ್ಸ್‌ಮಿಟರ್ ಎರಡೂ ಸೇರಿ ನನ್ನಲ್ಲಿ ಎಳೆದದ್ದು 220 ಮಿಲಿಆಂಪಿಯರ್. 21 ವಾಟಿನ ರಿವರ್ಸ್ ಬಲ್ಬು ಒಂದೇ ಸುಮಾರು 1.75 ಆಂಪಿಯರ್ ಎಳೆಯುತ್ತದೆ, ಹಾಗಾಗಿ ಕಾರಿನ ವಯರಿಗೆ ಇದು ಭಾರವಲ್ಲ. ಆದರೂ ಜೋಡಣೆಯ ಬುಡದಲ್ಲೇ 1 ಆಂಪಿಯರ್ ಫ್ಯೂಸ್ ಹಾಕಿ. ಇಲ್ಲದಿದ್ದರೆ ಕ್ಯಾಮೆರಾದ ವಯರ್ ಎಲ್ಲಾದರೂ ಶಾರ್ಟ್ ಆದ ದಿನ ಕಾರಿನದೇ ಫ್ಯೂಸ್ ಹೋಗಿ ರಿವರ್ಸ್ ಲೈಟೂ ಇಲ್ಲದಂತಾಗುತ್ತದೆ.

ಪೆಟ್ಟಿಗೆಯಲ್ಲಿ ಬರುವ, ವಯರನ್ನು ಕಚ್ಚಿ ಹಿಡಿಯುವ ನೀಲಿ ಕ್ಲಿಪ್ಪನ್ನು ನಾನು ಬಳಸುವುದಿಲ್ಲ. ಅದರ ತಗಡು ಎಳೆಗಳನ್ನು ಅರ್ಧ ಕತ್ತರಿಸುತ್ತದೆ, ಮಳೆಗಾಲದ ತೇವಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಕ್ಲಿಪ್ಪು ಗಟ್ಟಿಯಾಗಿಯೇ ಇರುತ್ತದೆ, ಬಿಡಿಸಿದರೆ ತಾಮ್ರ ಹಿಟ್ಟಾಗಿ ಉದುರುತ್ತದೆ. ಇನ್ಸುಲೇಶನ್ ಒಂದು ಸೆಂ.ಮೀ. ಸುಲಿದು, ಹೊಸ ವಯರ್ ಸುತ್ತಿ, ಸೋಲ್ಡರ್ ಮಾಡಿ, ಬಟ್ಟೆ ಟೇಪು ಸುತ್ತಿ. ಪಿವಿಸಿ ಟೇಪಿನ ಗೋಂದು ಮಾರ್ಚ್ ತಿಂಗಳ ಬಿಸಿಲಿಗೇ ಕರಗಿ ಜಾರುತ್ತದೆ. ವಯರ್ 0.5 ಚದರ ಮಿ.ಮೀ. ಸಾಕು. ಕಾರಿಗೆ ವಾರಂಟಿ ಇನ್ನೂ ಇದ್ದರೆ ಮೂಲ ವಯರನ್ನು ಸುಲಿಯಲು ಹೋಗಬೇಡಿ, ಹೋಲ್ಡರಿನ ನಡುವೆ ಸಿಕ್ಕಿಸುವ ಕನೆಕ್ಟರ್ ಹುಡುಕಿ.

ಕಪ್ಪು ವಯರನ್ನು ಹತ್ತಿರದ ಯಾವುದೋ ಸ್ಕ್ರೂಗೆ ಸುತ್ತಿ ಬಿಡುವುದೇ ಹೆಚ್ಚಿನವರು ಮಾಡುವ ತಪ್ಪು. ಆ ಸ್ಕ್ರೂ ಪ್ಲಾಸ್ಟಿಕ್ಕಿಗೋ ಪೈಂಟಿನ ಮೇಲೋ ಇರುತ್ತದೆ. ಮೊದಲ ದಿನ ಚಿತ್ರ ಬರುತ್ತದೆ, ತಿಂಗಳಾದ ಮೇಲೆ ಗೆರೆಗಳು ಓಡತೊಡಗುತ್ತವೆ. ಕಂಪನಿಯೇ ಕೊಟ್ಟ ಅರ್ತ್ ಬೋಲ್ಟ್ ಡಿಕ್ಕಿಯಲ್ಲಿ ಇರುತ್ತದೆ, ಹಲವು ಕಪ್ಪು ವಯರ್ ಕೂಡುವ ಜಾಗ. ವಯರಿನ ತುದಿಗೆ ಉಂಗುರದ ಟರ್ಮಿನಲ್ ಒತ್ತಿ ಅದರಡಿ ಸೇರಿಸಿ, ಮೇಲೆ ಸ್ವಲ್ಪ ಗ್ರೀಸ್ ಸವರಿ. ಪರೀಕ್ಷೆ ಸುಲಭ: ಆ ಉಂಗುರಕ್ಕೂ ಬ್ಯಾಟರಿಯ ನೆಗೆಟಿವಿಗೂ ನಡುವೆ, ಕ್ಯಾಮೆರಾ ಓಡುತ್ತಿರುವಾಗ, ಮೀಟರ್ 0.1 ವೋಲ್ಟಿಗಿಂತ ಕಡಿಮೆ ತೋರಿಸಬೇಕು.

ಟ್ರಾನ್ಸ್‌ಮಿಟರಿನ ಜಾಗ ನಾನು ಎರಡು ಸಲ ಬದಲಿಸಿದೆ. ಮೊದಲು ಟೇಲ್ ಲ್ಯಾಂಪಿನ ಹಿಂದಿನ ಗೂಡಿನಲ್ಲಿಟ್ಟದ್ದು. ಸುತ್ತ ತಗಡು, ಚಿತ್ರ ತುಂಡು ತುಂಡು. 2.4 ಗಿಗಾಹರ್ಟ್ಸಿನ ತರಂಗ ತಗಡನ್ನು ದಾಟುವುದಿಲ್ಲ, ಪ್ಲಾಸ್ಟಿಕ್, ಗಾಜು, ಸೀಟಿನ ಸ್ಪಂಜು ದಾಟುತ್ತದೆ. ಕೊನೆಗೆ ಡಿಕ್ಕಿ ಬಾಗಿಲಿನ ಪ್ಲಾಸ್ಟಿಕ್ ಒಳಪ್ಯಾನೆಲ್ಲಿಗೆ, ಗಾಜಿನ ಕೆಳಗೆ, ಆಂಟೆನಾ ನೆಟ್ಟಗೆ ನಿಲ್ಲುವಂತೆ ಅಂಟಿಸಿದೆ. ಮಾನಿಟರಿನ ಆಂಟೆನಾವೂ ನೆಟ್ಟಗಿರಬೇಕು, ಒಂದು ನಿಂತು ಒಂದು ಮಲಗಿದರೆ ಬಲ ಕುಂದುತ್ತದೆ. ಹಿಂದಿನ ಗಾಜಿಗೆ ಲೋಹದ ಲೇಪವಿರುವ ಫಿಲ್ಮ್ ಇದ್ದರೂ ತೊಂದರೆ. ಮುಖ್ಯ ಮಾತು, ಪರೀಕ್ಷೆಯನ್ನು ಡಿಕ್ಕಿ ಮುಚ್ಚಿ ಮಾಡಿ. ಇಂಜಿನ್, ಏಸಿ, ಫೋನಿನ ಬ್ಲೂಟೂತ್, ಹಾಟ್‌ಸ್ಪಾಟ್ ಎಲ್ಲ ಆನ್ ಇರಲಿ. ಡಿಕ್ಕಿ ತೆರೆದಿಟ್ಟು ನೋಡಿ ಎಲ್ಲ ಸರಿ ಎಂದು ಪ್ಯಾನೆಲ್ ಒತ್ತಿದವರು ಮತ್ತೆ ಬಿಚ್ಚುವುದು ಖಂಡಿತ.

ಮುಂದಿನದು ಚಿಕ್ಕ ಕೆಲಸ. ಫ್ಯೂಸ್ ಬಾಕ್ಸಿನಲ್ಲಿ ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಫ್ಯೂಸಿಗೆ, ಸಿಗರೇಟ್ ಲೈಟರಿನದಾದರೂ ಆದೀತು, ಫ್ಯೂಸ್ ಟ್ಯಾಪ್ (ಫ್ಯೂಸಿನ ಜಾಗದಲ್ಲೇ ಕೂತು ಇನ್ನೊಂದು ಲೈನ್ ಕೊಡುವ ತುಂಡು) ಹಾಕಿ 2 ಆಂಪಿಯರ್ ಫ್ಯೂಸಿನ ಮೂಲಕ ಮಾನಿಟರಿಗೆ ಕೊಡಿ. ಬ್ಯಾಟರಿಯ ನೇರ ಲೈನಿಗೆ ಕೊಟ್ಟರೆ ಪರದೆ ಕಪ್ಪಗಿದ್ದರೂ ರಿಸೀವರ್ ಎಚ್ಚರವಾಗಿಯೇ ಇರುತ್ತದೆ. 100 ಮಿಲಿಆಂಪಿಯರ್ ಎಂದರೂ ದಿನಕ್ಕೆ 2.4 ಆಂಪಿಯರ್ ಅವರ್, 35 ಆಂಪಿಯರ್ ಅವರಿನ ಬ್ಯಾಟರಿ ವಾರಕ್ಕೆ ಅರ್ಧ ಖಾಲಿ. ವಯರನ್ನು ಮುಂದಿನ ಗಾಜಿನ ಬದಿಯ ಕಂಬದಲ್ಲಿ ಎಳೆಯುವುದಾದರೆ, ಒಳಗೆ ಕರ್ಟನ್ ಏರ್‌ಬ್ಯಾಗ್ ಇದ್ದಲ್ಲಿ ಅದರ ಮೇಲಿನಿಂದ ಹಾಯಿಸಲೇಬಾರದು. ಮಾನಿಟರಿನ ವ್ಯಾಕ್ಯೂಮ್ ಬುಡ ಬಿಸಿಲಿಗೆ ಬೀಳುತ್ತದೆ, ಡಬಲ್ ಟೇಪೇ ಗಟ್ಟಿ.

ಚಿತ್ರ ಕನ್ನಡಿಯಂತೆ ಎಡಬಲ ಅದಲುಬದಲಾಗಿ ಇರಬೇಕು: ಕಾರಿನ ಎಡಗಡೆಯ ಕಂಬ ಪರದೆಯಲ್ಲೂ ಎಡಕ್ಕೇ. ಹಾಗೆ ಇಲ್ಲದಿದ್ದರೆ ಕ್ಯಾಮೆರಾದ ಬಾಲದಲ್ಲಿ ಸಣ್ಣ ಬಳೆಯಂತೆ ಬಿಟ್ಟ ವಯರ್ ಇರುತ್ತದೆ, ಅದನ್ನು ಕತ್ತರಿಸಿದರೆ ತಿರುಗುತ್ತದೆ. ಇನ್ನೊಂದು ಬಳೆ, ದೂರ ತೋರಿಸಲು ಪರದೆಯ ಮೇಲೆ ಬರುವ ಬಣ್ಣದ ಗೆರೆಗಳಿಗೆ. ಯಾವ ಬಣ್ಣ ಯಾವುದಕ್ಕೆ ಎಂಬುದು ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಬೇರೆ, ಚೀಟಿ ನೋಡದೆ ಕತ್ತರಿ ಇಡಬೇಡಿ.

ಆ ಹಸಿರು, ಹಳದಿ, ಕೆಂಪು ಗೆರೆಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮ ಗುಡ್ಡೆಯ ಊರುಗಳಲ್ಲಿ ಮೋಸ ಹೋಗುವುದು ಇಲ್ಲೇ. ಚಿತ್ರದ ಕೆಳಗಿನ ಅಂಚಿನಲ್ಲಿ ಬಂಪರ್ ಒಂದಿಷ್ಟು ಕಾಣುವಂತೆ ಕ್ಯಾಮೆರಾ ಬಾಗಿಸಿ. ಸಮತಟ್ಟಾದ ಅಂಗಳದಲ್ಲಿ ಬಂಪರಿನಿಂದ ಅರ್ಧ, ಒಂದು, ಎರಡು ಮೀಟರಿಗೆ ಸೀಮೆಸುಣ್ಣದ ಗೆರೆ ಎಳೆದು, ಪರದೆಯ ಯಾವ ಬಣ್ಣ ಎಲ್ಲಿ ಕೂರುತ್ತದೆ ಎಂದು ಗುರುತಿಸಿ. ಆ ಲೆಕ್ಕ ಸಮನೆಲಕ್ಕೆ ಮಾತ್ರ. ಕಾರು ಅಂಗಳದಲ್ಲಿ ನಿಂತು ಹಿಂದೆ ಎಂಟು ಮೀಟರಿಗೆ ಒಂದು ಮೀಟರ್ ಏರುವ ಏರು ಇದ್ದರೆ, 85 ಸೆಂ.ಮೀ. ಎತ್ತರದ ಕ್ಯಾಮೆರಾಕ್ಕೆ ಎರಡು ಮೀಟರ್ ದೂರದ ಕಲ್ಲು 2.8 ಮೀಟರಿನಲ್ಲಿರುವಂತೆ ಕಾಣುತ್ತದೆ. ನೆಲ ಇಳಿಜಾರಾದರೆ ತಿರುಗಾಮುರುಗಾ; ಇದ್ದದ್ದಕ್ಕಿಂತ ಹತ್ತಿರ ಕಾಣುತ್ತದೆ, ಅದರಿಂದ ಅಪಾಯವಿಲ್ಲ. ಕಾರೂ ಅದೇ ಏರಿನಲ್ಲಿ ನಿಂತಿದ್ದರೆ ಲೆಕ್ಕ ಸರಿ ಬರುತ್ತದೆ.

ಇದಕ್ಕಿಂತ ಕೆಟ್ಟದ್ದು ನೆಲ ಮುಟ್ಟದೆ ಚಾಚಿಕೊಂಡ ವಸ್ತು. ಹಿಂದೆ ಒಂದು ಪಿಕಪ್ ನಿಂತಿದೆ, ಅದರ ಹಲಗೆಯ ಅಂಚು 70 ಸೆಂ.ಮೀ. ಎತ್ತರದಲ್ಲಿ, ಬಂಪರಿನಿಂದ ಒಂದೇ ಮೀಟರ್ ದೂರ. ಗೆರೆಯ ಲೆಕ್ಕದಲ್ಲಿ ಆ ಅಂಚು ಐದೂವರೆ ಮೀಟರಿಗಿಂತಲೂ ಆಚೆ, ಹಸಿರಿನ ಮೇಲೆ. ಧರೆಯಿಂದ ಹೊರಗೆ ಚಾಚಿದ ಮುರಕಲ್ಲು, ಬಾಗಿದ ಅಡಕೆ ಸಲಾಕೆ, ಲಾರಿಯ ಹಿಂಬದಿ ಎಲ್ಲಕ್ಕೂ ಇದೇ ಕತೆ. ಗೆರೆ ಹೇಳುವುದು ನೆಲದ ದೂರವನ್ನು ಮಾತ್ರ. ಅಂಥ ಕಡೆ ಇಳಿದು ನೋಡುವುದೇ ಸರಿ ಮಾರಾಯ್ರೆ.

ಜೂನ್ ಬಂದಾಗ ಎರಡು ತೊಂದರೆ. ಹೊರಗೆ ಲೆನ್ಸಿನ ಮೇಲೆ ಹನಿ ಮತ್ತು ಕೆಂಪು ಕೆಸರು. ಕಾರಿನ ಮೈಗೆ ಹಾಕುವ ವ್ಯಾಕ್ಸನ್ನೇ ತೆಳ್ಳಗೆ ಒರಸಿದರೆ ಹನಿ ಜಾರುತ್ತದೆ, ಕೆಸರಿಗೆ ಒದ್ದೆ ಬಟ್ಟೆಯೇ ಗತಿ. ಒಳಗೆ ಮಂಜು ಹಿಡಿದರೆ ನೀರು ಹೊಕ್ಕಿದೆ ಎಂದರ್ಥ. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯಬೇಕು, ಆದರೆ ಆ ಅಂಕಿ ಎಲ್ಲ ಪೆಟ್ಟಿಗೆಯ ಮೇಲೂ ಅಚ್ಚಾಗಿರುತ್ತದೆ. ನಾನು ಜೋಡಿಸುವ ಮೊದಲು ಕ್ಯಾಮೆರಾವನ್ನು ಪ್ಲಗ್ ಹೊರಗಿರಿಸಿ ಒಂದು ಲೋಟ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ, ಒರಸಿ, ಬಿಸಿಲಿಗಿಟ್ಟೆ. ಮಂಜು ಮೂಡಿದರೆ ಅಂಗಡಿಗೆ ಹಿಂದಿರುಗಿಸುವುದು ಆಗಲೇ ಸುಲಭ. ಕೇಬಲ್ ಹೊರಡುವ ಜಾಗಕ್ಕೆ ನ್ಯೂಟ್ರಲ್ ಸಿಲಿಕೋನ್ ಹಚ್ಚಿದೆ. ವಿನೆಗರಿನ ವಾಸನೆ ಬರುವ ಸಾಮಾನ್ಯ ಸಿಲಿಕೋನ್ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಕೇಬಲ್ ಒಳಹೋಗುವ ಮುನ್ನ ಒಂದಿಷ್ಟು ಕೆಳಗೆ ಜೋತು ಬೀಳಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ತೋಟದ ಮನೆಯವರು ಡಿಕ್ಕಿಯೊಳಗಿನ ಹೊಸ ವಯರನ್ನೆಲ್ಲ ಸುಕ್ಕುಪೈಪಿನಲ್ಲಿ ತೂರಿಸಿ ಎರಡು ತುದಿಗೂ ಟೇಪು ಸುತ್ತಿಬಿಡಿ. ಮೊದಲ ಮಳೆಗೆ ಇಲಿ ಕಾರಿನೊಳಗೆ ಸೇರುತ್ತದೆ.