ಅಲಸಂದೆ ಎಲೆಯ ಅಂಟು: ನಾನು ನೋಡಿ ತಿಳಿದದ್ದು

ಮೊದಲು ಕಣ್ಣಿಗೆ ಬಿದ್ದಿದ್ದು ಕಪ್ಪು. ಅಲಸಂದೆ ಬಳ್ಳಿಯ ಕೆಳಗಿನ ಎಲೆಗಳಿಗೆ ಯಾರೋ ಕಾಡಿಗೆ ಬಳಿದ ಹಾಗಿತ್ತು. ರೋಗ ಅಂದುಕೊಂಡು ಎರಡು ಸಲ ಶಿಲೀಂಧ್ರನಾಶಕ ಹೊಡೆದೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಪ್ಪು. ಕೊನೆಗೆ ಒದ್ದೆ ಬಟ್ಟೆ ತಗೊಂಡು ಒಂದು ಎಲೆ ಒರೆಸಿದೆ. ಕಪ್ಪೆಲ್ಲ ಬಟ್ಟೆಗೆ ಬಂತು. ಕೆಳಗೆ ಎಲೆ ಒಂದು ಗಾಯವೂ ಇಲ್ಲದೆ ಹಸಿರಾಗಿತ್ತು. ಬೆರಳು ಮಾತ್ರ ಜಿಗುಟಾಯಿತು.

ಕಪ್ಪು ಬೂಷ್ಟು ಎಲೆಯನ್ನು ತಿನ್ನುವುದೇ ಇಲ್ಲ. ಅದು ತಿನ್ನುವುದು ಎಲೆಯ ಮೇಲೆ ಬಿದ್ದ ಸಿಹಿ ಅಂಟನ್ನು. ಗಿಡಕ್ಕೆ ತೊಂದರೆ ಆಗುವುದು ಬಿಸಿಲು ಎಲೆಗೆ ತಲುಪದೆ ಹೋಗುವುದರಿಂದ. ಹಾಗಾದರೆ ಈ ಅಂಟು ಬಂದದ್ದು ಎಲ್ಲಿಂದ? ತಲೆ ಎತ್ತಿ ನೋಡಿದೆ. ಮೇಲಿನ ಎಳೆ ಕುಡಿಯಲ್ಲಿ ಕರಿ ಗಿಡಹೇನುಗಳು ಒತ್ತೊತ್ತಾಗಿ ಕೂತಿದ್ದವು. ಅಂಟು ಕಂಡ ಎಲೆಯಲ್ಲಿ ಹುಳು ಹುಡುಕಬಾರದು, ಅದರ ಮೇಲಿನ ಎಲೆಯ ಅಡಿಯಲ್ಲಿ, ಕುಡಿಯಲ್ಲಿ ಹುಡುಕಬೇಕು. ಬಿಳಿ ನೊಣ, ಹಿಟ್ಟು ತಿಗಣೆ, ಶಲ್ಕ ಕೀಟ ಇದ್ದಾಗಲೂ ಇದೇ ಮಾತು.

ಆಮೇಲೆ ಒಂದು ಗಾಜಿನ ತುಂಡನ್ನು ತೊಳೆದು ಒರೆಸಿ ಕುಡಿಯ ಕೆಳಗೆ ಇಟ್ಟೆ. ಒಂದು ಗಂಟೆ ಬಿಟ್ಟು ಬೆಳಕಿಗೆ ಹಿಡಿದರೆ ಗಾಜಿನ ತುಂಬ ಸಣ್ಣ ಸಣ್ಣ ಚುಕ್ಕೆ! ಭೂತಗನ್ನಡಿಯಲ್ಲಿ ಒಂದು ಹೇನನ್ನೇ ನೋಡುತ್ತಾ ಕೂತೆ. ಅದು ಹಿಂಭಾಗವನ್ನು ಎತ್ತಿತು, ತುದಿಯಲ್ಲಿ ತಿಳಿಯಾದ ಒಂದು ಹನಿ ಮೂಡಿತು, ಹಿಂಗಾಲಿನಿಂದ ಒದ್ದು ದೂರ ಎಸೆಯಿತು. ಹಾಗೆ ಎಸೆಯದಿದ್ದರೆ ತನ್ನ ಅಂಟಿನಲ್ಲೇ ಹೇನು ಸಿಕ್ಕಿಕೊಳ್ಳುತ್ತದೆ. ಅದರ ಬೆನ್ನ ಕೊನೆಯಲ್ಲಿ ಎರಡು ಪುಟ್ಟ ಕೊಳವೆಗಳಿವೆ. ಹನಿ ಅಲ್ಲಿಂದ ಬರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ನಿಜವಾಗಿ ಹನಿ ಬರುವುದು ಗುದದಿಂದ. ಕೊಳವೆಗಳಿಂದ ಹೊರಬರುವುದು ಬೇರೆ ಹೇನುಗಳಿಗೆ ಅಪಾಯ ತಿಳಿಸುವ ವಾಸನೆಯ ದ್ರವ.

ಇಷ್ಟೊಂದು ಸಕ್ಕರೆಯನ್ನು ಯಾಕೆ ಹೀಗೆ ಚೆಲ್ಲುತ್ತದೆ? ನನ್ನನ್ನು ಜಾಸ್ತಿ ದಿನ ಕಾಡಿದ ಪ್ರಶ್ನೆ ಇದು. ಹೇನು ಸೂಜಿಯಂಥ ಬಾಯಿಂದ ಹೀರುವುದು ಗಿಡದ ಫ್ಲೋಯಂ ರಸವನ್ನು. ಎಲೆಯಲ್ಲಿ ತಯಾರಾದ ಆಹಾರ ಹರಿಯುವ ನಾಳ ಅದು. ಆ ರಸದಲ್ಲಿ ಸುಕ್ರೋಸ್ ಎಂಬ ಸಕ್ಕರೆ ತುಂಬಿ ತುಳುಕುತ್ತದೆ. ಮೈ ಬೆಳೆಯಲು ಬೇಕಾದ ಅಮೈನೋ ಆಮ್ಲಗಳು ಮಾತ್ರ ತೀರಾ ಕಮ್ಮಿ. ಅವು ಸಾಕಷ್ಟು ಸಿಗಬೇಕಾದರೆ ತುಂಬಾ ರಸ ಹೀರಬೇಕು, ಮಿಕ್ಕ ಸಕ್ಕರೆಯನ್ನು ಹೊರಗೆ ಹಾಕಬೇಕು. ಅಷ್ಟು ಹೀರಿದರೂ ಕೆಲವು ಅಮೈನೋ ಆಮ್ಲಗಳು ಸಾಲುವುದಿಲ್ಲ. ಅವನ್ನು ಹೇನಿನ ಮೈಯೊಳಗೇ ಇರುವ ಬುಕ್ನೆರಾ ಎಂಬ ಬ್ಯಾಕ್ಟೀರಿಯಾ ತಯಾರಿಸಿ ಕೊಡುತ್ತದೆ. ಇವೆರಡರ ಜೊತೆವಾಸಕ್ಕೆ 16 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು.

ಇನ್ನೊಂದು ಕಷ್ಟವಿದೆ. ಈ ರಸ ಹೇನಿನ ರಕ್ತಕ್ಕಿಂತ ಎಷ್ಟೋ ಗಟ್ಟಿ. ಹಾಗೇ ಬಿಟ್ಟರೆ ಮೈಯ ನೀರನ್ನೆಲ್ಲ ಕರುಳಿಗೆ ಎಳೆದುಬಿಡುತ್ತದೆ. ಅದಕ್ಕೇ ಕರುಳಿನ ಕಿಣ್ವಗಳು ಸುಕ್ರೋಸನ್ನು ಒಡೆದು, ಗ್ಲೂಕೋಸ್ ತುಣುಕುಗಳನ್ನು ಉದ್ದದ ಸರಪಳಿಯಾಗಿ ಜೋಡಿಸುತ್ತವೆ. ಸಕ್ಕರೆ ಅಷ್ಟೇ ಇದ್ದರೂ ಕಣಗಳ ಸಂಖ್ಯೆ ಕಮ್ಮಿಯಾಗುತ್ತದೆ, ಎಳೆತವೂ ತಗ್ಗುತ್ತದೆ. ಎಂಥ ಚೆಂದದ ಉಪಾಯ ಅಲ್ವಾ! ಹಾಗಾಗಿ ಹೊರಬೀಳುವ ಹನಿ ಬರೀ ಗಿಡದ ರಸವಲ್ಲ. ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್, ಸುಕ್ರೋಸ್ ಜೊತೆಗೆ ಹೇನೇ ಕಟ್ಟಿದ ಸಕ್ಕರೆಗಳೂ ಇರುತ್ತವೆ, ಸ್ವಲ್ಪ ಅಮೈನೋ ಆಮ್ಲವೂ ಇರುತ್ತದೆ. ಕೆಲವು ಜಾತಿಗಳ ಹನಿಯಲ್ಲಿ ಮೆಲಿಜಿಟೋಸ್ ಎಂಬ ಸಕ್ಕರೆ ಜಾಸ್ತಿ. ಇರುವೆಗಳಿಗೆ ಅದು ಬಲು ಇಷ್ಟ.

ಇರುವೆ ಇದ್ದ ಕುಡಿಯಲ್ಲಿ ಹೇನಿನ ನಡತೆಯೇ ಬೇರೆ. ಇರುವೆ ಮೀಸೆಯಿಂದ ತಟ್ಟಿದರೆ ಹೇನು ಹನಿಯನ್ನು ಎಸೆಯುವುದಿಲ್ಲ, ತುದಿಯಲ್ಲೇ ಹಿಡಿದು ಕೊಡುತ್ತದೆ. ಬದಲಿಗೆ ಇರುವೆ ಅದಕ್ಕೆ ಕಾವಲು. ಹೇನು ತಿನ್ನುವ ಗುಲಗಂಜಿ ಹುಳು ಹತ್ತಿರ ಬಂದಾಗ ಇರುವೆಗಳು ಕಚ್ಚಿ ಓಡಿಸಿದ್ದನ್ನು ನಾನೇ ನೋಡಿದೆ.

ಅಂದಿನಿಂದ ಹೇನಿಗೆ ಔಷಧಿ ಹುಡುಕುವುದನ್ನು ಬಿಟ್ಟು ಇರುವೆಯ ದಾರಿ ಹುಡುಕಿದೆ. ಕಾಂಡದ ಬುಡಕ್ಕೆ ಕಾಗದದ ಪಟ್ಟಿ ಸುತ್ತಿ ಅದರ ಮೇಲೆ ವ್ಯಾಸಲೀನ್ ಸವರಿದೆ. ಕಾಂಡಕ್ಕೇ ಸವರಬೇಡಿ, ಸಿಪ್ಪೆ ಹಾಳಾಗಬಹುದು. ಪಕ್ಕದ ಗಿಡ, ಕೋಲು, ದಾರ ಯಾವುದಾದರೂ ತಾಗುತ್ತಿದ್ದರೆ ಇರುವೆ ಅದನ್ನೇ ಸೇತುವೆ ಮಾಡಿಕೊಳ್ಳುತ್ತದೆ. ಮೊದಲ ವಾರ ನಾನು ಸೋತದ್ದು ಒಂದು ದಾರದಿಂದ. ಅದನ್ನು ಬಿಚ್ಚಿದ ಮೇಲೆ ಇರುವೆ ನಿಂತಿತು. ಅಂಟಾದ ಎಲೆಗಳನ್ನು ಬರೀ ನೀರಿನಿಂದ ತೊಳೆದೆ.

ಕೆಲವು ದಿನಕ್ಕೆ ಗುಲಗಂಜಿ ಹುಳುಗಳು ಬಂದವು. ಹೇನುಗಳ ನಡುವೆ ಕಂದು ಬಣ್ಣಕ್ಕೆ ಉಬ್ಬಿ ಒಣಗಿದ ಕೆಲವು ಕಂಡವು, ಅವುಗಳ ಬೆನ್ನಲ್ಲಿ ದುಂಡನೆಯ ತೂತು. ಒಳಗೆ ಬೆಳೆದ ಪುಟ್ಟ ಕಣಜ ಕೊರೆದು ಹೊರಬಂದ ಗುರುತು ಅದು. ಇಂಥ ಕಣಜಗಳು, ಮರಿಹುಳುಗಳು ಹೇನು ತಿನ್ನುವ ಹೂನೊಣಗಳು ಈ ಅಂಟಿನ ವಾಸನೆ ಹಿಡಿದೇ ಹೇನುಗಳನ್ನು ಪತ್ತೆ ಮಾಡುತ್ತವೆ, ಅದನ್ನೇ ನೆಕ್ಕಿ ಬದುಕುತ್ತವೆ. ಗಿಡದ ರಸಕ್ಕೆ ಸೇರುವ ಕೀಟನಾಶಕದ ಬಗ್ಗೆ ನನಗೆ ಭಯ ಹುಟ್ಟಿದ್ದು ಇದರಿಂದಲೇ. ಹಿಟ್ಟು ತಿಗಣೆಯ ಅಂಟಿನ ಮೂಲಕ ನಿಯೋನಿಕೋಟಿನಾಯ್ಡ್ ಎಂಬ ಇಂಥ ಕೀಟನಾಶಕ ಹೂನೊಣ ಮತ್ತು ಕಣಜಗಳನ್ನು ಕೊಲ್ಲುತ್ತದೆ ಅಂತ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಅಂಥದ್ದನ್ನು ನಾನು ಮತ್ತೆ ಮುಟ್ಟಿಲ್ಲ.

ಗಾಜಿನ ತುಂಡನ್ನು ಈಗಲೂ ಬಳಸುತ್ತೇನೆ. ವಾರಕ್ಕೊಮ್ಮೆ ಗಿಡದ ಕೆಳಗೆ ಒಂದು ಗಂಟೆ ಇಟ್ಟು ಚುಕ್ಕೆ ಎಣಿಸುತ್ತೇನೆ. ಏರುತ್ತಿದ್ದರೆ ಮೊದಲು ನೋಡುವುದು ಕಾಗದದ ಪಟ್ಟಿಯನ್ನು. ಧೂಳು ಕೂತು ವ್ಯಾಸಲೀನ್ ಒಣಗಿದ್ದರೆ ಹೊಸದಾಗಿ ಸವರುತ್ತೇನೆ. ಒಂದು ಬಳ್ಳಿಯ ಕುಡಿಯಲ್ಲಿ ಮಾತ್ರ ಹೇನುಗಳನ್ನು ಬೇಕೆಂದೇ ಉಳಿಸಿದ್ದೇನೆ, ಕಣಜಗಳಿಗೆ ಅಂಟು ಸಿಗಲಿ ಅಂತ.