ಅಮೆರಿಕದ ಚುನಾವಣಾ ದುಡ್ಡಿನ ತೀರ್ಪು ಓದುವುದು ಹೇಗೆ?

ಇಂಥ ತೀರ್ಪು ಕಂಡರೆ ಮೊದಲು ಒಂದೇ ಪ್ರಶ್ನೆ ಕೇಳಿ: ಇದು ಅಭ್ಯರ್ಥಿಗೆ ಕೊಟ್ಟ ದುಡ್ಡೋ, ಪ್ರಚಾರಕ್ಕೆ ಖರ್ಚು ಮಾಡಿದ ದುಡ್ಡೋ? 1976ರ ಬಕ್ಲಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಎಳೆದ ಗೆರೆ ಇದು. ದೊಡ್ಡ ದೇಣಿಗೆಗೆ ಲಂಚದ ವಾಸನೆ ಬರಬಹುದು, ಹಾಗಾಗಿ ಅದಕ್ಕೆ ಮಿತಿ ಹಾಕಬಹುದು. ಖರ್ಚಿಗೆ ಮಿತಿ ಹಾಕಿದರೆ ಮಾತನ್ನೇ, ಅಂದರೆ ವಾಕ್ ಸ್ವಾತಂತ್ರ್ಯವನ್ನೇ, ಕಟ್ಟಿಹಾಕಿದಂತೆ ಎಂದಿತು ಕೋರ್ಟ್.

ಖರ್ಚು ಅಂತ ಗೊತ್ತಾದ ಮೇಲೆ, ಅದನ್ನು ಅಭ್ಯರ್ಥಿಯ ಜೊತೆ ಮಾತಾಡಿಕೊಂಡು ಮಾಡಿದ್ದಾ ನೋಡಿ. ಹೌದಾದರೆ ಕಾನೂನು ಅದನ್ನೂ ದೇಣಿಗೆ ಅಂತಲೇ ಲೆಕ್ಕ ಹಾಕುತ್ತದೆ. ಅಲ್ಲದಿದ್ದರೆ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿಗೆ ಹೋಗಿ. ಸ್ವಂತವಾಗಿ ಖರ್ಚು ಮಾಡಲು ಕಂಪನಿಗಳಿಗೂ ಕಾರ್ಮಿಕ ಸಂಘಗಳಿಗೂ ಅಡ್ಡಿಯಿಲ್ಲ ಎಂದು ನ್ಯಾಯಮೂರ್ತಿಗಳ 5–4 ಬಹುಮತದಲ್ಲಿ ಹೇಳಿದ್ದು ಅಲ್ಲೇ. ಆದರೆ ಫೆಡರಲ್ (ರಾಷ್ಟ್ರಮಟ್ಟದ) ಚುನಾವಣೆಯಲ್ಲಿ ಕಂಪನಿ ನೇರವಾಗಿ ಅಭ್ಯರ್ಥಿಗೆ ದುಡ್ಡು ಕೊಡುವ ಹಾಗಿಲ್ಲ, ಜಗಳಕ್ಕಿಳಿಯುವವರು ಇದನ್ನೇ ಮರೆಯುತ್ತಾರೆ ಅಲ್ವಾ!

ದೇಣಿಗೆ ಮಿತಿ ತೀರಾ ಕಡಿಮೆಯೂ ಇರಬಾರದು: 2006ರಲ್ಲಿ ವರ್ಮಾಂಟ್ ರಾಜ್ಯದ 200ರಿಂದ 400 ಡಾಲರ್ ಮಿತಿ ಬಿದ್ದುಹೋಯಿತು.

ಇದನ್ನೆಲ್ಲ ಸುಮ್ನೆ ನಮ್ಮ 2024ರ ಚುನಾವಣಾ ಬಾಂಡ್ ತೀರ್ಪಿಗೆ ಅಂಟಿಸಬೇಡಿ. ಅಲ್ಲಿ ವಾಕ್ ಸ್ವಾತಂತ್ರ್ಯ ಕೊಡುವ ನಮ್ಮ ಸಂವಿಧಾನದ 19(1)(ಎ) ವಿಧಿ ಕೆಲಸಕ್ಕೆ ಬಂದಿದ್ದು ಖರ್ಚು ಮಾಡುವವರ ಮಾತಿಗಲ್ಲ, ದುಡ್ಡು ಯಾರದ್ದು ಎಂದು ತಿಳಿಯುವ ಮತದಾರನ ಹಕ್ಕಿಗೆ.